ವಾರಂಟಿ ಕಾರ್ಡ್ ಇದೆ ಸರಿ, ರಿಪೇರಿ ದುಡ್ಡು ಯಾರ ಜೇಬಿನಿಂದ?

ರಿಪೇರಿಗೆ ಬಂದ ಹೈ-ಎಂಡ್ ಆಡಿಯೋ ಸೆಟ್ ವಾರಂಟಿಗೆ ಸೇರುತ್ತದಾ ಇಲ್ಲವಾ ಅಂತ ನೋಡಿ ಹೇಳುವುದು ನನ್ನ ಕೆಲಸ. ಆಂಪ್ಲಿಫೈಯರ್, ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪಿಗೆ ಬೇಕಾದ ಸಿಗ್ನಲ್ಲಾಗಿ ಬದಲಿಸುವ ಸೆಟ್), ಟರ್ನ್‌ಟೇಬಲ್, ಸ್ಪೀಕರ್ ಎಲ್ಲ ನನ್ನ ಬೆಂಚಿನ ಮೇಲೆ ಬಂದು ಹೋಗುತ್ತವೆ. ತಂದವರು ಸತ್ತುಹೋದ ಚಾನೆಲ್ (ಎಡ ಅಥವಾ ಬಲ ಬದಿಯ ಸದ್ದು) ಬಗ್ಗೆ ಹೇಳಲು ಶುರುಮಾಡುತ್ತಾರೆ. ನಾನು ಮೊದಲು ಕೇಳುವುದು ಬಿಲ್. ಸೆಟ್ ಕೆಟ್ಟು ಕೂತಿದ್ದರೆ ಇವರು ಕಾಗದ ಕೇಳುತ್ತಾರಲ್ಲ ಅಂತ ಅವರಿಗೆ ಸಿಟ್ಟು ಬರುತ್ತದೆ. ಏನು ಮಾಡುವುದು, ಕೆಟ್ಟಿರುವುದು ಏನು ಅಂತ ಸ್ಕ್ರೂ ಬಿಚ್ಚಿದ ಮೇಲೆ ಹೇಗೂ ಗೊತ್ತಾಗುತ್ತದೆ. ಖರ್ಚು ಯಾರದು ಅನ್ನುವುದು ಮಾತ್ರ ಬಿಲ್ಲಿನಲ್ಲೇ ಬರೆದಿರುತ್ತದೆ.

ಕಡಿಮೆ ಬೆಲೆಗೆ ಸಿಗುತ್ತಿದೆ, ಡೀಲರ್ ಅಧಿಕೃತನೋ ಅಲ್ಲವೋ ಗೊತ್ತಿಲ್ಲ, ತೆಗೆದುಕೊಳ್ಳಬಹುದಾ ಅಂತ ಕೇಳುವವರು ಬಹಳ. ಅವರಿಗೆ ನಾನು ಹೇಳುವುದು ಇಷ್ಟೇ. ಸೆಟ್ ಕೆಟ್ಟರೆ ರಿಪೇರಿ ದುಡ್ಡು ಯಾರ ಜೇಬಿನಿಂದ ಬರುತ್ತದೆ ಅನ್ನುವುದನ್ನು ಮೊದಲು ಪತ್ತೆ ಮಾಡಿ. ಆಮೇಲೆ ಬೆಲೆ ನೋಡಿ.

ಡಿಸ್ಟ್ರಿಬ್ಯೂಟರ್ ಯಾಕೆ ಮುಖ ತಿರುಗಿಸುತ್ತಾನೆ

ಸೆಟ್ಟಿನ ಮುಂದೆ ದೊಡ್ಡ ಕಂಪನಿಯ ಹೆಸರಿದೆ, ವಾರಂಟಿ ಅವರೇ ನೋಡಿಕೊಳ್ಳುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೈ-ಎಂಡ್ ಆಡಿಯೋದಲ್ಲಿ ಹೆಸರು ಎಷ್ಟು ದೊಡ್ಡದಿದ್ದರೂ ಕಂಪನಿ ಸಾಮಾನ್ಯವಾಗಿ ಚಿಕ್ಕದೇ. ಒಂದು ಕಾರ್ಖಾನೆ, ಕೆಲವೇ ಜನ. ಪ್ರತಿ ದೇಶದಲ್ಲೂ ಸ್ವಂತ ಸರ್ವಿಸ್ ಸೆಂಟರ್ ಇಡುವ ಶಕ್ತಿ ಬಹಳ ಜನಕ್ಕೆ ಇರುವುದಿಲ್ಲ. ಅದಕ್ಕೇ ಒಂದೊಂದು ದೇಶಕ್ಕೆ ಒಬ್ಬೊಬ್ಬ ಡಿಸ್ಟ್ರಿಬ್ಯೂಟರ್. ಅವನು ಕಂಪನಿಯಿಂದ ಮಾಲು ತರಿಸುತ್ತಾನೆ, ಡೀಲರುಗಳಿಗೆ ಕೊಡುತ್ತಾನೆ. ನಡುವೆ ಅವನಿಗೆ ಉಳಿಯುವ ಲಾಭದಲ್ಲೇ ವಾರಂಟಿ ಖರ್ಚೂ ಸೇರಿರುತ್ತದೆ. ಬಿಡಿಭಾಗವನ್ನು ಕಂಪನಿ ಪುಕ್ಕಟೆ ಕಳಿಸಬಹುದು. ಕೂಲಿ, ಸಾಗಣೆ, ಬೆಂಚಿನ ಬಾಡಿಗೆ ಎಲ್ಲ ಅವನ ತಲೆ ಮೇಲೆಯೇ.

ಈಗ ನಿಮ್ಮ ಸೆಟ್ ಬೇರೆ ದೇಶದ ಡಿಸ್ಟ್ರಿಬ್ಯೂಟರ್‌ಗೆ ಹೋದದ್ದು, ಅಲ್ಲಿಂದ ಪಕ್ಕದ ದಾರಿಯಲ್ಲಿ ನಿಮ್ಮ ಕೈಗೆ ಬಂದದ್ದು ಅಂತಿಟ್ಟುಕೊಳ್ಳಿ. ನಿಮ್ಮ ದೇಶದವನಿಗೆ ಆ ಮಾರಾಟದಲ್ಲಿ ಬಿಡಿಗಾಸೂ ಸಿಕ್ಕಿಲ್ಲ. ಕೆಟ್ಟಾಗ ಮಾತ್ರ ಅದು ಅವನ ಬಾಗಿಲಿಗೆ ಬರುತ್ತದೆ. ಅವನು ಒಲ್ಲೆ ಅಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ಗಿರಾಕಿಗೆ ಇದು ಅನ್ಯಾಯ ಅನ್ನಿಸುತ್ತದೆ, ಅದೂ ನಿಜವೇ. ಒಂದೇ ಕಾರ್ಖಾನೆಯ ಮಾಲು, ಒಂದೇ ಪೆಟ್ಟಿಗೆ, ಒಂದೇ ಕಾರ್ಡ್. ಆದರೆ ಆ ಕಾರ್ಡಿನ ಹಿಂದೆ ದುಡ್ಡು ಇಟ್ಟವರು ಬೇರೆ ಬೇರೆ ಜನ.

ಅನಧಿಕೃತ ಅಂದರೆ ಕಳ್ಳಮಾಲು ಅಂತಲ್ಲ. ಅದರಲ್ಲಿ ಹಲವು ಬಗೆ ಇದೆ. ಬೇರೆ ದೇಶದಲ್ಲಿ ಅಗ್ಗವಾಗಿ ಕೊಂಡು ತಂದು ಮಾರುವವರು ಒಂದು ಬಗೆ. ಇದಕ್ಕೇ ಗ್ರೇ ಮಾರ್ಕೆಟ್ ಅನ್ನುತ್ತಾರೆ. ಗೋದಾಮಿನಲ್ಲಿ ಮಾಲು ಜಾಸ್ತಿಯಾದ ಅಧಿಕೃತ ಡೀಲರನೇ ಹಿಂಬಾಗಿಲಿನಿಂದ ಬೇರೆಯವರಿಗೆ ದಾಟಿಸುವುದು ಇನ್ನೊಂದು. ಹಿಂದೆ ಅಧಿಕೃತನಾಗಿದ್ದು, ಈಗ ಏಜೆನ್ಸಿ ಕಳೆದುಕೊಂಡು ಉಳಿದ ಮಾಲು ಖಾಲಿ ಮಾಡುತ್ತಿರುವವನೂ ಇರುತ್ತಾನೆ. ಅಂಗಡಿಯ ಗೋಡೆ ಮೇಲೆ ಕಂಪನಿಯ ಬೋರ್ಡ್ ಇನ್ನೂ ನೇತಾಡುತ್ತಿರುತ್ತದೆ, ಜೋಕೆ. ಇನ್ನು ಆನ್‌ಲೈನ್ ಮಾರುಕಟ್ಟೆ. ಅಲ್ಲಿ ಪೆಟ್ಟಿಗೆ ಕಳಿಸಿಕೊಡುವವರು ಆ ದೊಡ್ಡ ಜಾಲತಾಣದವರು, ಮಾರುವವನು ಮಾತ್ರ ಬೇರೆ ಯಾರೋ. ಪುಟದಲ್ಲಿ 'ಮಾರಾಟಗಾರ' ಅಂತ ಸಣ್ಣ ಅಕ್ಷರದಲ್ಲಿ ಬರೆದಿರುವ ಹೆಸರೇ ನಿಮ್ಮ ಬಿಲ್ಲಿನಲ್ಲಿ ಬರುವುದು. ನಾನು ನೋಡುವುದೂ ಆ ಹೆಸರನ್ನೇ.

ಕೊಳ್ಳುವ ಮುಂಚೆ

ಡೀಲರ್ ಅಧಿಕೃತನೇ ಅಂತ ಡೀಲರನ್ನೇ ಕೇಳಬೇಡಿ. ಹೌದು ಅನ್ನದೆ ಇನ್ನೇನು ಹೇಳುತ್ತಾನೆ? ಕಂಪನಿಯ ವೆಬ್‌ಸೈಟಿನಲ್ಲಿ ಡೀಲರುಗಳ ಪಟ್ಟಿ ಇರುತ್ತದೆ. ಅದರಲ್ಲಿ ಅಂಗಡಿಯ ಹೆಸರು, ವಿಳಾಸ ಎರಡೂ ಸರಿಯಾಗಿ ಹೊಂದಬೇಕು. ಪಟ್ಟಿಯಲ್ಲಿ ಕಂಡ ಮಾತ್ರಕ್ಕೆ ಮುಗಿಯಲಿಲ್ಲ. ಒಂದು ಅಂಗಡಿ ಕಂಪನಿಯ ಹೆಡ್‌ಫೋನಿಗೆ ಅಧಿಕೃತವಾಗಿದ್ದು ಅದೇ ಕಂಪನಿಯ ದೊಡ್ಡ ಆಂಪಿಗೆ ಆಗಿಲ್ಲದಿರಬಹುದು. ಅಂಗಡಿಯಲ್ಲಿ ಮಾರಲು ಅನುಮತಿ ಇದ್ದು ಆನ್‌ಲೈನಿನಲ್ಲಿ ಮಾರಲು ಇಲ್ಲದಿರಬಹುದು. ತನ್ನ ಪ್ರದೇಶ ಬಿಟ್ಟು ಹೊರಗೆ ಕಳಿಸಬಾರದು ಅನ್ನುವ ಕರಾರೂ ಈ ಧಂದೆಯಲ್ಲಿ ಮಾಮೂಲು.

ಹಾಗಾಗಿ ಕಂಪನಿಗೆ ಅಥವಾ ಡಿಸ್ಟ್ರಿಬ್ಯೂಟರ್‌ಗೆ ಒಂದು ಇಮೇಲ್ ಹಾಕಿ. ಉದ್ದ ಬರೆಯಬೇಡಿ. ನಾನು ಹೇಳಿಕೊಡುವುದು ಹೀಗೆ: 'ಇಂಥ ಮಾಡೆಲನ್ನು ಇಂಥ ಅಂಗಡಿಯಿಂದ ಕೊಳ್ಳಬೇಕೆಂದಿದ್ದೇನೆ. ಬಳಸುವುದು ಇಂಥ ದೇಶದಲ್ಲಿ. ಈ ಮಾರಾಟಕ್ಕೆ ನಿಮ್ಮ ಪೂರ್ತಿ ವಾರಂಟಿ ಇದೆಯೇ? ಕೆಟ್ಟರೆ ರಿಪೇರಿ ಎಲ್ಲಿ ಆಗುತ್ತದೆ? ಸಾಗಣೆ ಖರ್ಚು ಯಾರದು?' ಸೀರಿಯಲ್ ನಂಬರ್ ಸಿಕ್ಕಿದ್ದರೆ ಅದನ್ನೂ ಸೇರಿಸಿ. ಬಂದ ಉತ್ತರವನ್ನು ಉಳಿಸಿಕೊಳ್ಳಿ. ಫೋನಿನಲ್ಲಿ 'ಏನೂ ತೊಂದರೆಯಿಲ್ಲ ಸಾರ್' ಅಂದದ್ದಕ್ಕೆ ನನ್ನ ಮೇಜಿನ ಮೇಲೆ ಬೆಲೆಯಿಲ್ಲ. ಇಮೇಲಿಗೆ ಇದೆ.

ಸಾಗಣೆ ಖರ್ಚಿನ ಪ್ರಶ್ನೆ ಸಣ್ಣದು ಅನ್ನಿಸಬಹುದು. ದೊಡ್ಡ ಪವರ್ ಆಂಪ್ 40-50 ಕಿಲೋ ತೂಗುತ್ತದೆ. ಅದನ್ನು ಮರದ ಪೆಟ್ಟಿಗೆಯಲ್ಲಿ ಹಾಕಿ ಸಮುದ್ರ ದಾಟಿಸಿ ವಾಪಸ್ ತರಿಸುವುದು ಅಂದರೆ ಮೂಗಿಗಿಂತ ಮೂಗುತಿ ಭಾರ. ಎಷ್ಟೋ ವಾರಂಟಿಗಳಲ್ಲಿ ಕಳಿಸುವ ಖರ್ಚು ಗಿರಾಕಿಯದೇ. ದೂರದ ದೇಶದ ವಾರಂಟಿ ನಿಜವಾಗಿ ಇದ್ದರೂ ಕೈಗೆ ಎಟುಕುವುದಿಲ್ಲ.

ವಾರಂಟಿಯ ಬರಹವನ್ನು ಓದಿ. ಎರಡು ಪುಟ ಮೀರುವುದು ಅಪರೂಪ. ಮೂರು ಕಡೆ ಕಣ್ಣಿಡಿ. 'ಮೊದಲ ಖರೀದಿದಾರನಿಗೆ ಮಾತ್ರ' ಅಂತಿದೆಯಾ? ಇದ್ದರೆ ನೀವು ಮುಂದೆ ಮಾರಿದಾಗ ವಾರಂಟಿ ಸಾಯುತ್ತದೆ. ನೀವು ಎರಡನೇ ಕೈಯವರಾದರೆ ಈಗಲೇ ಸತ್ತಿದೆ. 'ಅಧಿಕೃತ ಡೀಲರಿಂದ ಕೊಂಡದ್ದಕ್ಕೆ' ಅಂತಿದೆಯಾ? ಬಹುತೇಕ ಇರುತ್ತದೆ. ಮೂರನೆಯದನ್ನು ಜನ ಕಾಣುವುದೇ ಇಲ್ಲ: 'ಕೊಂಡ ದೇಶದಲ್ಲಿ ಮಾತ್ರ'. ಇದೊಂದು ಸಾಲು ಇದ್ದರೆ, ಅಧಿಕೃತ ಡೀಲರಿಂದಲೇ, ಪೂರ್ತಿ ದುಡ್ಡು ಕೊಟ್ಟು ಕೊಂಡ ಸೆಟ್ ಕೂಡ ನೀವು ಬೇರೆ ದೇಶಕ್ಕೆ ಮನೆ ಬದಲಿಸಿದ ದಿನ ಅನಾಥ.

ಅವಧಿಯನ್ನೂ ಭಾಗ ಭಾಗವಾಗಿ ನೋಡಿ. ಕೆನಡಾದ ಬ್ರೈಸ್ಟನ್ ತನ್ನ ಅನಲಾಗ್ ಆಂಪುಗಳಿಗೆ 20 ವರ್ಷದ ವಾರಂಟಿ ಕೊಟ್ಟೇ ಹೆಸರು ಮಾಡಿದ ಕಂಪನಿ. ಅಂಥವರು ಕಡಿಮೆ. ಸಾಮಾನ್ಯವಾಗಿ ಸ್ಪೀಕರಿಗೆ ಜಾಸ್ತಿ ವರ್ಷ, ಎಲೆಕ್ಟ್ರಾನಿಕ್ಸಿಗೆ ಅದಕ್ಕಿಂತ ಕಡಿಮೆ. ತಿರುಗುವ ಭಾಗಗಳಿಗೆ ಇನ್ನೂ ಕಡಿಮೆ. ಟ್ಯೂಬುಗಳಿಗೆ (ಹಳೆ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್) ಎಷ್ಟೋ ಕಡೆ 90 ದಿನವಷ್ಟೇ. ಕಾರ್ಟ್ರಿಡ್ಜಿನ (ಟರ್ನ್‌ಟೇಬಲ್ಲಿನಲ್ಲಿ ರೆಕಾರ್ಡ್ ಓದುವ ತಲೆ) ಸೂಜಿ ಸವೆದರೆ ಯಾರೂ ಕೊಡುವುದಿಲ್ಲ. ಡೀಲರ್ '5 ವರ್ಷ' ಅಂದಾಗ ಯಾವುದಕ್ಕೆ 5 ಅಂತ ಕೇಳಿ.

ಇನ್ನೊಂದು ಮಾತು ಪದೇ ಪದೇ ಕೇಳಿಬರುತ್ತದೆ: 'ಕಂಪನಿ ವಾರಂಟಿ ಇಲ್ಲ, ನಾವೇ ಅಂಗಡಿ ವಾರಂಟಿ ಕೊಡುತ್ತೇವೆ.' ಇದು ಮೋಸ ಅಂತ ನಾನು ಹೇಳುವುದಿಲ್ಲ. ಚೆನ್ನಾಗಿ ನಡೆಸುವವರೂ ಇದ್ದಾರೆ. ಅವರನ್ನು ಎರಡು ಪ್ರಶ್ನೆ ಕೇಳಿ. ರಿಪೇರಿ ಯಾರು ಮಾಡುತ್ತಾರೆ? ಬಿಡಿಭಾಗ ಎಲ್ಲಿಂದ ತರುತ್ತೀರಿ? ಕೆಲವು ಕಂಪನಿಗಳು ಬೋರ್ಡು, ಸರ್ಕ್ಯೂಟ್ ನಕ್ಷೆ, ಫರ್ಮ್‌ವೇರ್ (ಸೆಟ್ಟಿನೊಳಗಿನ ಪ್ರೋಗ್ರಾಂ) ಯಾವುದನ್ನೂ ತಮ್ಮ ಜಾಲದ ಹೊರಗೆ ಕೊಡುವುದಿಲ್ಲ. ಟ್ರಾನ್ಸಿಸ್ಟರ್ ಇರುವ ಸಾದಾ ಆಂಪನ್ನು ಒಳ್ಳೆಯ ಮೆಕ್ಯಾನಿಕ್ ಯಾರು ಬೇಕಾದರೂ ಎಬ್ಬಿಸಿ ಕೂರಿಸುತ್ತಾರೆ. ಕಂಪನಿಯೇ ಬರೆದ ಪ್ರೋಗ್ರಾಂ ಇರುವ ಡ್ಯಾಕ್, ಸ್ಟ್ರೀಮರ್ (ಇಂಟರ್ನೆಟ್ಟಿನಿಂದ ಹಾಡು ನುಡಿಸುವ ಸೆಟ್) ಆದರೆ ಬೋರ್ಡ್ ಬದಲಿಸದೆ ದಾರಿಯಿಲ್ಲ. ಬೋರ್ಡ್ ಸಿಗದಿದ್ದರೆ ಅಂಗಡಿ ವಾರಂಟಿ ಕೊಟ್ಟವನು ಕೈಚೆಲ್ಲುತ್ತಾನೆ. ಆಗ ದುಡ್ಡು ವಾಪಸ್ ಕೊಡುತ್ತಾನಾ ಅನ್ನುವುದು ಕಾಗದದ ಮೇಲೆ ಇರಬೇಕು.

ಸೀರಿಯಲ್ ನಂಬರ್ ಹೇಳುವ ಕತೆ

ನಂಬರನ್ನು ಕಂಪ್ಯೂಟರಿಗೆ ಹಾಕಿದರೆ ಸೆಟ್ ಕಾರ್ಖಾನೆ ಬಿಟ್ಟ ದಿನ, ಯಾವ ಡಿಸ್ಟ್ರಿಬ್ಯೂಟರ್‌ಗೆ ಹೋಯಿತು, ಯಾವ ವೋಲ್ಟೇಜಿನದು, ಯಾರಾದರೂ ಮೊದಲೇ ನೋಂದಾಯಿಸಿದ್ದಾರಾ, ಎಲ್ಲ ಗೊತ್ತಾಗುತ್ತದೆ. ಇದು ಮಾರುವವರಿಗೂ ಗೊತ್ತು. ಅದಕ್ಕೇ ಹಿಂಬಾಗಿಲಿನಿಂದ ಮಾಲು ದಾಟಿಸುವವರು ನಂಬರ್ ಕೆರೆದು ಹಾಕುತ್ತಾರೆ. ನಂಬರ್ ಸಿಕ್ಕರೆ ಕಂಪನಿ ಯಾರಿಂದ ಸೋರಿತು ಅಂತ ಹಿಡಿದುಬಿಡುತ್ತದೆ ಅಲ್ವಾ? ಡೀಲರ್ ತನ್ನನ್ನು ಕಾಪಾಡಿಕೊಳ್ಳುತ್ತಾನೆ, ವಾರಂಟಿ ಕಳೆದುಕೊಳ್ಳುವವರು ನೀವು. ನಂಬರ್ ಇಲ್ಲದ ಅಥವಾ ತಿದ್ದಿದ ಸೆಟ್ಟಿಗೆ ವಾರಂಟಿ ಇಲ್ಲ ಅನ್ನುವ ಷರತ್ತು ಬಹುತೇಕ ಎಲ್ಲರಲ್ಲೂ ಇದೆ.

ಒಮ್ಮೆ ನನ್ನ ಬೆಂಚಿಗೆ ಒಂದು ಇಂಟಿಗ್ರೇಟೆಡ್ ಆಂಪ್ ಬಂತು. ಎಡ ಚಾನೆಲ್ ಸತ್ತಿತ್ತು, ಜೊತೆಗೆ ಸುಟ್ಟ ವಾರ್ನಿಷ್ ವಾಸನೆ. ಹಿಂದಿನ ಫಲಕದಲ್ಲಿ ಸೀರಿಯಲ್ ಚೀಟಿ ಅಂದವಾಗಿಯೇ ಇತ್ತು. ಆದರೆ ಒಂದು ಮೂಲೆ ಎದ್ದಿತ್ತು. ಟಾರ್ಚ್ ಓರೆ ಹಿಡಿದರೆ ಚೀಟಿಯ ಕೆಳಗೆ ಇನ್ನೊಂದು ಚೀಟಿಯ ಅಂಚು ಗೆರೆಯಂತೆ ಕಾಣುತ್ತಿತ್ತು. '230 ವೋಲ್ಟ್' ಅಂತ ಬರೆದದ್ದೂ ಒಂದು ಚೀಟಿಯೇ. ಆ ಕಂಪನಿ ವೋಲ್ಟೇಜನ್ನು ಫಲಕದ ಮೇಲೇ ಮುದ್ರಿಸುತ್ತದೆ. ಮುಚ್ಚಳ ತೆಗೆದೆ. ಟ್ರಾನ್ಸ್‌ಫಾರ್ಮರಿನ ತಂತಿಗಳನ್ನು ಯಾರೋ ಕೈಯಿಂದ ಬಿಚ್ಚಿ ಬೇರೆ ಥರ ಬೆಸೆದಿದ್ದರು. ಬೆಸುಗೆಯ ಸುತ್ತ ಕಂದು ಫ್ಲಕ್ಸ್ (ಬೆಸುಗೆಗೆ ಹಚ್ಚುವ ಮೇಣ) ಒರೆಸದೆ ಹಾಗೇ ಒಣಗಿತ್ತು. ಕಾರ್ಖಾನೆಯಿಂದ ಹಾಗೆ ಯಾವುದೂ ಹೊರಗೆ ಬರುವುದಿಲ್ಲ. ಬೋರ್ಡಿನ ಮೇಲಿನ ಬಾರ್‌ಕೋಡ್ ನೋಡಿದರೆ, ಆ ಬೋರ್ಡ್ ಹೋದದ್ದು ಬೇರೊಂದು ನಂಬರಿನ, 120 ವೋಲ್ಟಿನ ಸೆಟ್ಟಿಗೆ.

ತಂತಿ ಬದಲಿಸಿದ್ದು ಲೆಕ್ಕದ ಪ್ರಕಾರ ಸರಿಯಾಗಿಯೇ ಇತ್ತು. ಎಡವಟ್ಟಾದದ್ದು ಫ್ಯೂಸಿನಲ್ಲಿ. 120 ವೋಲ್ಟಿನಲ್ಲಿ ಎಳೆಯುವ ಕರೆಂಟಿನ ಸುಮಾರು ಅರ್ಧವನ್ನಷ್ಟೇ ಆಂಪ್ 230 ವೋಲ್ಟಿನಲ್ಲಿ ಎಳೆಯುತ್ತದೆ. ಫ್ಯೂಸನ್ನೂ ಅರ್ಧಕ್ಕೆ ಇಳಿಸಬೇಕು. ಇಳಿಸಿರಲಿಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದಾಗ ಹಾರಬೇಕಿದ್ದ ಫ್ಯೂಸ್ ಸುಮ್ನೆ ಕೂತಿತ್ತು. ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಆ ಗಿರಾಕಿಯ ಹತ್ತಿರ ವಾರಂಟಿ ಕಾರ್ಡ್ ಇತ್ತು, ಅಸಲಿ ಕಾರ್ಡೇ, ಸೀಲ್ ಕೂಡ ಬಿದ್ದಿತ್ತು. ನಾನು 'ಇಲ್ಲ' ಅಂತ ಬರೆಯಬೇಕಾಯಿತು.

ಹಾಗಾಗಿ ಮಾರುವವನಿಂದ ಮೊದಲೇ ಹಿಂದಿನ ಫಲಕದ ಫೋಟೋ ಕೇಳಿ. ನಂಬರ್ ಪೂರ್ತಿ ಕಾಣಬೇಕು. ಪೆಟ್ಟಿಗೆಯ ಮೇಲಿನ ಚೀಟಿಯ ಫೋಟೋವನ್ನೂ ಕೇಳಿ. ಎರಡೂ ಒಂದೇ ಇರಬೇಕು. 'ದುಡ್ಡು ಹಾಕಿದ ಮೇಲೆ ನಂಬರ್ ಕೊಡುತ್ತೇನೆ' ಅನ್ನುವವನ ಹತ್ತಿರ ನಾನಾದರೆ ಕೊಳ್ಳುವುದಿಲ್ಲ. ಕಾರಣ ಏನೇ ಹೇಳಲಿ. ನಂಬರ್ ಸಿಕ್ಕ ಮೇಲೆ ಅದನ್ನು ಕಂಪನಿಗೆ ಕಳಿಸಿ, ಇದು ಯಾವ ದೇಶಕ್ಕೆ ಮಾಡಿದ್ದು ಅಂತ ಕೇಳಿ. ಹೆಚ್ಚಿನವರು ಹೇಳುತ್ತಾರೆ. ಅವರಿಗೂ ಸೋರುವ ಜಾಗ ಗೊತ್ತಾಗಬೇಕಲ್ಲ.

ಬೇರೆ ದೇಶದ ಸೆಟ್ ತಂದರೆ ಆಗುವ ತರಲೆಗಳು

ವಾರಂಟಿ ಬದಿಗಿಡಿ. ಸೆಟ್ ನಿಮ್ಮಲ್ಲಿ ಸರಿಯಾಗಿ ಓಡುತ್ತದಾ ಅನ್ನುವುದೇ ಮೊದಲ ಪ್ರಶ್ನೆ. ಜಪಾನಿನ ಮನೆಗಳಲ್ಲಿ ಬರುವುದು 100 ವೋಲ್ಟ್, ಅಮೆರಿಕದಲ್ಲಿ 120, ಯುರೋಪಿನಲ್ಲಿ 230. ಜಪಾನಿನ ಸೆಟ್ಟನ್ನು 230ಕ್ಕೆ ಚುಚ್ಚಿದರೆ ಏನಾಗುತ್ತದೆ ಅಂತ ಹೇಳುವ ಅಗತ್ಯವಿಲ್ಲ, ಹೊಗೆಯೇ ಹೇಳುತ್ತದೆ. ಮೋಸ ಮಾಡುವುದು 100 ಮತ್ತು 120ರ ನಡುವಿನ ವ್ಯತ್ಯಾಸ. ಪ್ಲಗ್ ಸಲೀಸಾಗಿ ಕೂರುತ್ತದೆ, ಸೆಟ್ ಹಾಡುತ್ತದೆ. ಆದರೆ ಒಳಗೆ ಎಲ್ಲವೂ ಶೇಕಡಾ 20 ಜಾಸ್ತಿ. ಟ್ಯೂಬ್ ಆಂಪಿನಲ್ಲಿ 6.3 ವೋಲ್ಟ್ ಇರಬೇಕಾದ ಹೀಟರ್ (ಟ್ಯೂಬನ್ನು ಕಾಯಿಸುವ ತಂತಿ) 7.5 ದಾಟುತ್ತದೆ. ಟ್ಯೂಬಿನ ಆಯುಸ್ಸು ಇಳಿಯುತ್ತದೆ, ಕೆಪಾಸಿಟರುಗಳು ಬಿಸಿಯಲ್ಲಿ ಬೇಯುತ್ತವೆ. ಕೆಲವು ತಿಂಗಳು ಚೆನ್ನಾಗಿ ನಡೆದು ಆಮೇಲೆ ಕೆಡುತ್ತದೆ. ಅಷ್ಟು ಹೊತ್ತಿಗೆ ಮಾರಿದವನು ಫೋನ್ ಎತ್ತುವುದಿಲ್ಲ.

ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡರಾಯಿತು ಅನ್ನುತ್ತಾರೆ. ವೋಲ್ಟೇಜಿಗೆ ಅದು ಸರಿ, ಸಾಕಷ್ಟು ದೊಡ್ಡದಿದ್ದರೆ. ಫ್ರೀಕ್ವೆನ್ಸಿಯನ್ನು ಅದು ಮುಟ್ಟುವುದಿಲ್ಲ. ಅಮೆರಿಕದಲ್ಲಿ 60 ಹರ್ಟ್ಸ್, ಯುರೋಪಿನಲ್ಲಿ 50. ಜಪಾನ್ ವಿಚಿತ್ರ, ಪೂರ್ವದ ಅರ್ಧಕ್ಕೆ 50, ಪಶ್ಚಿಮದ ಅರ್ಧಕ್ಕೆ 60. ಎಸಿ ಸಿಂಕ್ರೊನಸ್ ಮೋಟರ್ ಇರುವ ಟರ್ನ್‌ಟೇಬಲ್ ಈ ಹರ್ಟ್ಸ್ ನೋಡಿಕೊಂಡೇ ತಿರುಗುತ್ತದೆ. 60ರದ್ದನ್ನು 50ಕ್ಕೆ ಹಾಕಿದರೆ ನಿಮಿಷಕ್ಕೆ 33⅓ ಸುತ್ತುವ ತಟ್ಟೆ 28ಕ್ಕೂ ಕಮ್ಮಿ ಸುತ್ತುತ್ತದೆ. ಹಾಡುವವರು ನಿದ್ದೆಗಣ್ಣಲ್ಲಿ ಹಾಡಿದ ಹಾಗೆ ಕೇಳುತ್ತದೆ. ಪುಲ್ಲಿ ಬದಲಿಸಬೇಕು, ಇಲ್ಲವೇ ಮೋಟರಿಗೆ ಬೇರೆ ಪವರ್ ಸಪ್ಲೈ ಬೇಕು. ಡಿಸಿ ಮೋಟರಿನ ಟರ್ನ್‌ಟೇಬಲ್ಲಿಗೆ ಈ ತಲೆನೋವಿಲ್ಲ. 60 ಹರ್ಟ್ಸ್‌ಗೆ ಲೆಕ್ಕ ಹಾಕಿ ಬಿಗಿಯಾಗಿ ಮಾಡಿದ ಪವರ್ ಟ್ರಾನ್ಸ್‌ಫಾರ್ಮರ್ ಕೂಡ 50ರಲ್ಲಿ ಜಾಸ್ತಿ ಬಿಸಿಯಾಗುತ್ತದೆ, ಗುಂಯ್ ಅನ್ನುತ್ತದೆ. ಆ ಗುಂಯ್ ಶಬ್ದವನ್ನು ದೋಷ ಅಂತ ವಾರಂಟಿಗೆ ತಂದವರಿದ್ದಾರೆ.

ಎಫ್‌ಎಂ ಟ್ಯೂನರ್ ಇದ್ದರೆ ಇನ್ನೊಂದಿಷ್ಟು. ಜಪಾನಿನ ಎಫ್‌ಎಂ 76 ಮೆಗಾಹರ್ಟ್ಸ್‌ನಿಂದ ಶುರು. ಅಲ್ಲಿನ ಹಳೆಯ ಟ್ಯೂನರುಗಳು 90ಕ್ಕೆ ನಿಲ್ಲುತ್ತವೆ, ಬೇರೆ ದೇಶಗಳ ಅರ್ಧಕ್ಕೂ ಜಾಸ್ತಿ ಸ್ಟೇಷನ್ ಸಿಗುವುದೇ ಇಲ್ಲ. ಅಮೆರಿಕದ ಡಿ-ಎಂಫಸಿಸ್ (ಪ್ರಸಾರದಲ್ಲಿ ಎತ್ತಿದ ಮೇಲಿನ ಸ್ವರಗಳನ್ನು ಟ್ಯೂನರ್ ಮತ್ತೆ ಇಳಿಸುವ ಅಳತೆ) 75 ಮೈಕ್ರೋಸೆಕೆಂಡ್, ಯುರೋಪಿನದು 50. ಅದಲು ಬದಲಾದರೆ ಮೇಲಿನ ಸ್ವರಗಳು ಮಂಕಾಗುತ್ತವೆ ಅಥವಾ ಚೀರುತ್ತವೆ. ಬ್ಲೂ-ರೇ ಪ್ಲೇಯರಿಗೆ ಎ, ಬಿ, ಸಿ ಅಂತ ವಲಯದ ಬೀಗವಿದೆ. ಇವು ಯಾವುವೂ ದೋಷವಲ್ಲ. ಅಧಿಕೃತ ಸರ್ವಿಸ್‌ನವರೂ ಸರಿಮಾಡಿಕೊಡುವುದಿಲ್ಲ.

ಹಲವು ಆಂಪುಗಳ ಟ್ರಾನ್ಸ್‌ಫಾರ್ಮರಿನಲ್ಲಿ ಎರಡೂ ವೋಲ್ಟೇಜಿಗೆ ಸುರುಳಿ ಇರುತ್ತದೆ, ಒಳಗಿನ ಜಂಪರ್ (ಸಣ್ಣ ಜೋಡಣೆ ತಂತಿ) ಬದಲಿಸಿದರೆ ಸಾಕು. ಆದರೂ ಕೆಲವು ಕಂಪನಿಗಳು ಅದನ್ನು ಹೇಗೆ ಮಾಡುವುದು ಅಂತ ಬೇಕೆಂದೇ ಹೇಳುವುದಿಲ್ಲ. ಹೇಳಿದರೆ ಗ್ರೇ ಮಾರ್ಕೆಟ್ಟಿಗೆ ದಾರಿ ತೆರೆದಂತೆ. ಮನೆ ಬದಲಿಸಿದವರು ಹಳೆಯ ಬಿಲ್ ತೋರಿಸಿ ಡಿಸ್ಟ್ರಿಬ್ಯೂಟರ್ ಮೂಲಕ ದುಡ್ಡು ಕೊಟ್ಟು ಮಾಡಿಸಿಕೊಳ್ಳಬಹುದು. ಅಲ್ಲೂ ಬಿಲ್ಲೇ ಬೇಕು.

ಕಾನೂನು ಎಷ್ಟು ದೂರ ಬರುತ್ತದೆ

ದೇಶಕ್ಕೊಂದು ಥರ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಇದೆ. ವಾರಂಟಿ ಕೊಡಲೇಬೇಕು ಅಂತ ಅದು ಹೇಳುವುದಿಲ್ಲ. ಕೊಟ್ಟರೆ ಷರತ್ತು ಸ್ಪಷ್ಟವಾಗಿರಬೇಕು, ಕೊಳ್ಳುವ ಮುಂಚೆ ಓದಲು ಸಿಗಬೇಕು ಅನ್ನುತ್ತದೆ. 'ಈ ಚೀಟಿ ಹರಿದರೆ ವಾರಂಟಿ ರದ್ದು' ಅನ್ನುವಂಥ ಬೆದರಿಕೆಗಳ ಬಗ್ಗೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ಆದರೆ ಅಧಿಕೃತ ಡೀಲರಿಂದ ಕೊಂಡವರಿಗೆ ಮಾತ್ರ ವಾರಂಟಿ ಅನ್ನುವ ಷರತ್ತು ಬೇರೆಯೇ. ಆ ಕಾಯ್ದೆ ಅದನ್ನು ತಡೆಯುವುದಿಲ್ಲ.

ಯುರೋಪಿಯನ್ ಒಕ್ಕೂಟದಲ್ಲಿ ಗಿರಾಕಿಯ ಕೈ ಮೇಲು. ಅಲ್ಲಿ ಮಾರಿದ ವ್ಯಾಪಾರಿ ಕನಿಷ್ಠ 2 ವರ್ಷ ದೋಷಕ್ಕೆ ಜವಾಬ್ದಾರ, ಅಧಿಕೃತನಾಗಿದ್ದರೂ ಇಲ್ಲದಿದ್ದರೂ. 2022ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಮೊದಲ ಒಂದು ವರ್ಷದಲ್ಲಿ ಕಂಡ ದೋಷ ಮಾರುವಾಗಲೇ ಇತ್ತು ಅಂತಲೇ ಲೆಕ್ಕ. ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕು ಕಾಯ್ದೆ ಇದೆ. ದೋಷವಿರುವ ಮಾಲನ್ನು 30 ದಿನದೊಳಗೆ ತಿರುಗಿಸಿ ಪೂರ್ತಿ ದುಡ್ಡು ಕೇಳಬಹುದು. ಆಸ್ಟ್ರೇಲಿಯಾದಲ್ಲೂ ಮೊದಲ ಹೊಣೆ ಅಂಗಡಿಯವನದೇ.

ಈ ಎಲ್ಲ ಹಕ್ಕು ಇರುವುದು ಮುಖ್ಯವಾಗಿ ಮಾರಿದವನ ಮೇಲೆ, ಕಂಪನಿಯ ಮೇಲೆ ಅಲ್ಲ. ಮಾರಿದವನು ಅದೇ ಕಾನೂನಿನ ಕೈಗೆ ಸಿಗುವ ಕಡೆ ಇರಬೇಕು. ಬೇರೆ ಖಂಡದಲ್ಲಿ ಒಂದು ಅಂಚೆಪೆಟ್ಟಿಗೆ ವಿಳಾಸ ಇಟ್ಟುಕೊಂಡವನ ಮೇಲೆ ಹಕ್ಕು ಇದ್ದೇನು ಬಂತು? ಕೊಳ್ಳುವ ಮುಂಚೆ ಬಿಲ್ಲಿನಲ್ಲಿ ಯಾವ ಊರಿನ, ಯಾವ ಹೆಸರಿನ ಸಂಸ್ಥೆ ಬರುತ್ತದೆ ಅಂತ ಕೇಳುವುದು ಇದಕ್ಕೇ.

ದುಡ್ಡು ಕೊಡುವ ದಾರಿಯೂ ಮುಖ್ಯ. ಬ್ಯಾಂಕ್ ವರ್ಗಾವಣೆ ಮಾಡಿದರೆ ದುಡ್ಡು ಹೋಯಿತು ಅಂತಲೇ. ಕ್ರೆಡಿಟ್ ಕಾರ್ಡಾದರೆ ಬ್ಯಾಂಕಿನಲ್ಲಿ ತಕರಾರು ಹಾಕಿ ವಾಪಸ್ ಕೇಳಬಹುದು, ಆದರೆ ಅದಕ್ಕೆ ಗಡುವಿದೆ. ಪೆಟ್ಟಿಗೆ ತೆರೆಯದೆ ಮೂಲೆಯಲ್ಲಿಟ್ಟರೆ ಗಡುವು ಕಾಯುವುದಿಲ್ಲ. 'ಕಾರ್ಡ್ ಬೇಡ, ವರ್ಗಾವಣೆ ಮಾಡಿದರೆ ಇನ್ನೂ ಕಡಿಮೆಗೆ ಕೊಡುತ್ತೇನೆ' ಅಂದರೆ ಆ ರಿಯಾಯಿತಿ ಯಾತಕ್ಕೆ ಅಂತ ನಿಮಗೇ ಗೊತ್ತಾಗಬೇಕು.

ಪೆಟ್ಟಿಗೆ ಮನೆಗೆ ಬಂದಾಗ

ಟೇಪ್ ಕತ್ತರಿಸುವ ಮುಂಚೆ ಎಲ್ಲ ಬದಿಯ ಫೋಟೋ. ಟೇಪಿನ ಕೆಳಗೆ ಇನ್ನೊಂದು ಟೇಪ್ ಇದೆಯಾ ನೋಡಿ. ಪೆಟ್ಟಿಗೆಯ ಚೀಟಿ, ಫಲಕದ ಚೀಟಿ, ಬಿಲ್ ಮೂರರಲ್ಲೂ ಒಂದೇ ನಂಬರ್ ಇರಬೇಕು. ಬಿಲ್ಲಿನಲ್ಲಿ ನಂಬರ್ ಬರೆಯದಿದ್ದರೆ ಬರೆಸಿ. ವೋಲ್ಟೇಜ್ ಓದಿ, ಆಮೇಲೆ ಪ್ಲಗ್ ಚುಚ್ಚಿ. ಸ್ಕ್ರೂಗಳ ತಲೆ ನೋಡಿ. ಹೊಸ ಸೆಟ್ಟಿನ ಸ್ಕ್ರೂವಿನಲ್ಲಿ ಬಣ್ಣ ಕಿತ್ತು ಲೋಹ ಹೊಳೆಯುತ್ತಿದ್ದರೆ ಯಾರೋ ಒಳಗೆ ಕೈಹಾಕಿದ್ದಾರೆ. ಆರ್‌ಸಿಎ ಜ್ಯಾಕಿನ ಸುತ್ತ ಉಂಗುರದಂಥ ಗೀರು, ಸ್ಪೀಕರ್ ಟರ್ಮಿನಲ್ಲಿನಲ್ಲಿ ತಂತಿಯ ಗುರುತು ಇದ್ದರೆ ಅದು ಅಂಗಡಿಯಲ್ಲಿ ಓಡಿಸಿದ ಡೆಮೊ ಸೆಟ್. ಡೆಮೊ ಕೆಟ್ಟದ್ದಲ್ಲ. ಡೆಮೊ ಅಂತ ಬಿಲ್ಲಿನಲ್ಲಿ ಬರೆದು, ವಾರಂಟಿ ಯಾವ ದಿನದಿಂದ ಶುರು ಅಂತ ಹೇಳಿ ಕೊಟ್ಟರೆ ನಾನೂ ಕೊಳ್ಳುತ್ತೇನೆ.

ನೋಂದಣಿಗೆ ಗಡುವು ಇರುತ್ತದೆ, ಕೆಲವರು ನೋಂದಾಯಿಸಿದರೆ ಮಾತ್ರ ಪೂರ್ತಿ ಅವಧಿ ಕೊಡುತ್ತಾರೆ. ಅದೇ ದಿನ ಮಾಡಿ. ಡೀಲರ್ ಹೆಸರು ಕೇಳುವ ಜಾಗದಲ್ಲಿ ನಿಜವಾದ ಹೆಸರೇ ಹಾಕಿ. ವೆಬ್‌ಸೈಟ್ ಫಾರ್ಮ್ ಒಪ್ಪಿಕೊಂಡಿತು ಅಂದ ಮಾತ್ರಕ್ಕೆ ಕಂಪನಿ ವಾರಂಟಿ ಒಪ್ಪಿತು ಅಂತಲ್ಲ. ಫಾರ್ಮ್ ಏನು ಹಾಕಿದರೂ ಒಪ್ಪುತ್ತದೆ, ಬಿಲ್ ನೋಡುವವರು ಆಮೇಲೆ ಬರುತ್ತಾರೆ.

ಈಗಾಗಲೇ ಕೊಂಡಾಗಿದೆ, ಕೆಟ್ಟೂ ಆಗಿದೆ

ಮೊದಲು ಮಾರಿದವನಿಗೆ ಬರೆಯಿರಿ, ಕಂಪನಿಗೆ ಅಲ್ಲ. ದೋಷ ಏನು, ಯಾವಾಗ ಕಂಡಿತು, ನಿಮಗೆ ಏನು ಬೇಕು (ರಿಪೇರಿಯೋ ದುಡ್ಡೋ), ಎಷ್ಟು ದಿನದೊಳಗೆ. ಉತ್ತರ ಬರದಿದ್ದರೆ ಅದೇ ಕಾಗದ ಕ್ರೆಡಿಟ್ ಕಾರ್ಡಿನ ತಕರಾರಿಗೆ ಸಾಕ್ಷಿ. ಮುಚ್ಚಳ ಬಿಚ್ಚಬೇಡಿ. ಪರಿಚಯದ ಮೆಕ್ಯಾನಿಕ್‌ಗೂ ಬಿಚ್ಚಲು ಬಿಡಬೇಡಿ, ಮಾರಿದವನ ದಾರಿ ಪೂರ್ತಿ ಮುಚ್ಚುವ ತನಕ.

ಆ ದಾರಿ ಮುಚ್ಚಿದರೆ ಡಿಸ್ಟ್ರಿಬ್ಯೂಟರ್‌ಗೆ ಬರೆಯಿರಿ. ವಾರಂಟಿ ಕೇಳಬೇಡಿ, ದುಡ್ಡು ಕೊಟ್ಟು ರಿಪೇರಿ ಮಾಡಿಸಿಕೊಳ್ಳುತ್ತೇನೆ ಅಂತ ಬರೆಯಿರಿ. ಎಲ್ಲಿ ಕೊಂಡದ್ದು ಅಂತಲೂ ಮುಚ್ಚುಮರೆಯಿಲ್ಲದೆ ಹೇಳಿ. ಕೆಲವು ಕಂಪನಿಗಳು ಅನಧಿಕೃತ ಸೆಟ್ಟನ್ನು ದುಡ್ಡಿಗೂ ಮುಟ್ಟುವುದಿಲ್ಲ, ಅದೂ ಅವರ ಷರತ್ತಿನಲ್ಲಿ ಇರುತ್ತದೆ. ಆದರೆ ಬಹಳ ಜನ ಮುಟ್ಟುತ್ತಾರೆ. ಸುಳ್ಳು ಬಿಲ್ ತಂದವರ ಫೈಲನ್ನು ನಾನು ಅಲ್ಲೇ ಮುಚ್ಚುತ್ತೇನೆ. ಇದ್ದದ್ದನ್ನು ಇದ್ದಂತೆ ಹೇಳಿದವರಿಗೆ ಬಿಡಿಭಾಗದ ಅಸಲು ಬೆಲೆಗೆ ಕೊಡಿಸಲು ಆಗುತ್ತದಾ ಅಂತ ಮೇಲಿನವರನ್ನು ಕೇಳಿದ್ದೂ ಇದೆ. ಪ್ರತಿ ಸಲ ಆಗುವುದಿಲ್ಲ.

ಅನಧಿಕೃತ ಡೀಲರ್ ಬೇಡವೇ ಬೇಡ ಅನ್ನುವವರ ಸಾಲಿನಲ್ಲಿ ನಾನಿಲ್ಲ. ಪ್ಯಾಸಿವ್ ಸ್ಪೀಕರಿಗೆ (ಒಳಗೆ ಆಂಪ್ ಇಲ್ಲದ್ದು) ವೋಲ್ಟೇಜ್ ಇಲ್ಲ, ಫರ್ಮ್‌ವೇರ್ ಇಲ್ಲ. ಕೆಡುವುದು ಡ್ರೈವರ್ (ಸದ್ದು ಹೊರಡಿಸುವ ಭಾಗ) ಅಥವಾ ಕ್ರಾಸ್‌ಓವರ್ (ಸದ್ದನ್ನು ಡ್ರೈವರುಗಳಿಗೆ ಹಂಚುವ ಸರ್ಕ್ಯೂಟ್). ಡ್ರೈವರ್ ಬಿಡಿಯಾಗಿ ಯಾರಿಗೆ ಬೇಕಾದರೂ ಮಾರುವ ಕಂಪನಿಯದಾದರೆ ರಿಯಾಯಿತಿ ತೆಗೆದುಕೊಳ್ಳಿ. ಸರಳ ಸರ್ಕ್ಯೂಟಿನ ಆಂಪ್, ಸರಿಯಾದ ವೋಲ್ಟೇಜಿನದು, ಹತ್ತಿರದಲ್ಲಿ ಕೈಪಳಗಿದ ಮೆಕ್ಯಾನಿಕ್ ಇದ್ದರೆ ಅದೂ ನಡೆಯುತ್ತದೆ. ಸ್ಟ್ರೀಮರ್, ಸ್ವಂತ ಪ್ರೋಗ್ರಾಂನ ಡ್ಯಾಕ್, ಆಕ್ಟಿವ್ ಸ್ಪೀಕರ್ (ಒಳಗೇ ಆಂಪ್ ಇರುವುದು), ಮೂವಿಂಗ್ ಕಾಯಿಲ್ ಕಾರ್ಟ್ರಿಡ್ಜ್ (ಸಾಮಾನ್ಯವಾಗಿ ಸೂಜಿ ಮಾತ್ರ ಬದಲಿಸಲಾಗದ ಬಗೆ) ಇವನ್ನು ಮಾತ್ರ ಅಧಿಕೃತ ಜಾಗ ಬಿಟ್ಟು ಕೊಳ್ಳಬೇಡಿ ಅನ್ನುತ್ತೇನೆ. ಕಾರ್ಟ್ರಿಡ್ಜ್ ಯಾಕೆ ಅಂದರೆ, ಹಲವು ಕಂಪನಿಗಳು ಸವೆದ ಹಳೆಯದನ್ನು ವಾಪಸ್ ತೆಗೆದುಕೊಂಡು ಹೊಸದನ್ನು ಕಡಿಮೆಗೆ ಕೊಡುತ್ತವೆ. ಆ ಸೌಲಭ್ಯ ಸಾಮಾನ್ಯವಾಗಿ ಡೀಲರ್ ಮೂಲಕವೇ. ಕೇಬಲ್ಲಿಗೆ ವಾರಂಟಿಯ ಚಿಂತೆ ಬೇಡ, ನಕಲಿಯ ಚಿಂತೆ ಬೇಕು. ಹೆಸರಾಂತ ಕೇಬಲ್ಲುಗಳ ನಕಲು ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ ಹೊರಗಿನಿಂದ ನನಗೂ ಗೊತ್ತಾಗುವುದಿಲ್ಲ.

ಎರಡನೇ ಕೈ ಮಾಲು ಕೊಳ್ಳುವವರು ಮೊದಲ ಮಾಲೀಕನ ಬಿಲ್ಲಿನ ಪ್ರತಿ ಕೇಳಿ ಪಡೆಯಿರಿ. ಅವನು ಬೆಲೆಯ ಮೇಲೆ ಮಸಿ ಬಳಿದು ಕೊಟ್ಟರೂ ಪರವಾಗಿಲ್ಲ. ನಮಗೆ ಬೇಕಾದದ್ದು ದಿನಾಂಕ, ನಂಬರ್, ಅಂಗಡಿಯ ಹೆಸರು.